ನತ್ತೆ ಸಾಮಿ

"ಥೂ, ಆ ಗಬ್ಬನ್ನ ಮುಚ್ಚೇ ಮಾರಿ! ನತ್ತೆ ತಿಂತೀರಲ್ಲೇ, ನೀವೇನು ಮನುಷ್ಯರಾ ಕೊಕ್ಕರೆಗಳಾ?"

ಮೇಸ್ತ್ರಿ ಕೋದಂಡಪ್ಪ ಮೂಗು ಹಿಡಿದುಕೊಂಡು ಡಬ್ಬಿಯನ್ನು ಕಾಲಲ್ಲೇ ತಳ್ಳಿದ. ಸಾರು ಹೊಂಗೆ ಮರದ ಬುಡಕ್ಕೆ ಚೆಲ್ಲಿತು. ಮಾರಿಯಮ್ಮ ಸಾರಿನ ಕಡೆ ನೋಡಲಿಲ್ಲ, ಡಬ್ಬಿ ಸೊಟ್ಟಗಾಯಿತೇ ಎಂದು ತಿರುಗಿಸಿ ನೋಡಿದಳು. ಅಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಗಿಳಿಯುವಾಗ ಬುತ್ತಿ ಒಯ್ಯುತ್ತಿದ್ದ ಡಬ್ಬಿ ಅದು.

"ಕೊಕ್ಕರೆಗೆ ಗೊತ್ತು ಕಣಣ್ಣ ರುಚಿ, ನಿಂಗೇನು ಗೊತ್ತು?" ಎಂದಳು. ಪಕ್ಕದಲ್ಲಿದ್ದ ಚೌಡಮ್ಮ ಕಿಸಕ್ಕನೆ ನಕ್ಕಳು.

ಬಂಗಾರಪೇಟೆಯ ಹೊರಗಿನ ಆ ಕಲ್ಲು ಪಾಲಿಶ್ ಯಾರ್ಡಿನಲ್ಲಿ ನೆರಳು ಅಂತ ಇದ್ದದ್ದು ಆ ಒಂದೇ ಮರ. ತಗಡಿನ ಶೆಡ್ಡು ಮಧ್ಯಾಹ್ನಕ್ಕೆ ಕಾದು ಕೆಂಡವಾಗುತ್ತಿತ್ತು. ಹನ್ನೊಂದು ಹೆಂಗಸರು ಒದ್ದೆ ಸೀರೆಯಲ್ಲೇ ಬಂದು ಅರ್ಧ ಗಂಟೆ ಮರದಡಿ ಕಾಲು ಚಾಚಿದರೆ ಮಾತ್ರ ಸಂಜೆಯ ಟ್ರೈನು ಹತ್ತುವಷ್ಟು ಜೀವ ಉಳಿಯುತ್ತಿತ್ತು. ಇನ್ನು ನತ್ತೆ, ಅಂದರೆ ಬಸವನಹುಳು, ಬೇತಮಂಗಲದ ಕೆರೆಯಂಚಿನಲ್ಲಿ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಗುವುದನ್ನು ತಿನ್ನುವವರನ್ನು ಕಂಡರೆ ಕೋದಂಡಪ್ಪನಂಥವರಿಗೆ ಯಾಕೋ ಮೈಯೆಲ್ಲ ಉರಿ.

ಆ ವಾರ ಲಾರಿ ಡ್ರೈವರ್ ಅಂಬರೀಶ್ ತಮಿಳುನಾಡಿನ ಕಡಲಂಚಿನಿಂದ ಹೊಸ ಲೋಡು ತಂದಿದ್ದ. ಚಪ್ಪಡಿಯೊಂದನ್ನು ನೀರು ಹಾಕಿ ಉಜ್ಜುತ್ತಿದ್ದ ಮಾರಿಯಮ್ಮನ ಬೆರಳಿಗೆ ಏನೋ ಏಣು ತಾಗಿತು. ತಾಗಿದ ಜಾಡು ಹಿಡಿದು ಬೆರಳು ಸುತ್ತಿತು, ಸುತ್ತಿ ಸುತ್ತಿ ನಡುವಿಗೆ ಬಂದು ನಿಂತಿತು.

"ಅಯ್ಯೋ ಚೌಡಕ್ಕಾ, ನತ್ತೆ ಕಣೇ! ಕಲ್ಲೊಳಗೆ ನತ್ತೆ!"

ಅಂಬರೀಶ್ ಬಗ್ಗಿ ನೋಡಿದ. "ಅಲ್ಲಿ ಸಮುದ್ರದ ಪಕ್ಕದ ಬಂಡೆ ತುಂಬಾ ಇವೇ ಅಕ್ಕಾ. ಕಾಲೇಜಿನೋರು ಬಂದು ಬ್ರಷ್ ಇಟ್ಕಂಡು ಕುಂತಿರ್ತಾರೆ. ಕೋಟಿಗಟ್ಲೆ ವರ್ಸದಿಂದೆ ಸಮುದ್ರದಾಗಿದ್ದ ಉಳ ಅಂತೆ, ಸತ್ತು ಕಲ್ಲಾಗೈತಂತೆ."

"ಕೋಟಿ ವರ್ಸನಾ? ಅಂಗಾರೆ ಬೇಯ್ಸಾಕೆ ಸೌದೆ ಸಾಲಲ್ಲ ಬಿಡು."

ಯಾರ್ಡೆಲ್ಲ ನಕ್ಕಿತು. ಆದರೆ ಅವಳು ಅದಕ್ಕೆ ಮೆಷಿನ್ನು ತಾಗಲು ಬಿಡಲಿಲ್ಲ. ನಾಲ್ಕು ದಿನ ಉಜ್ಜುಗಲ್ಲು ಹಿಡಿದು ಕೈಯಲ್ಲೇ ಉಜ್ಜಿದಳು. ಉಗುರು ಸವೆಯಿತು, ತುದಿಬೆರಳು ಒಡೆದು ರಕ್ತ ಬಂತು, ನತ್ತೆ ಮಾತ್ರ ಒಂದು ಚೂರೂ ಮುಕ್ಕಾಗದೆ ಹೊರಗೆ ಬಂತು. ಅವಳಿಗೆ ಹೆಮ್ಮೆಯೋ ಹೆಮ್ಮೆ.

ಐದನೇ ದಿನ, ಸುದ್ದಿ ಕೇಳಿದ ಯಜಮಾನ ಶಿವಪ್ರಸಾದ್ ಪುರೋಹಿತರನ್ನು ಕಾರಿನಲ್ಲಿ ಕರೆತಂದ. ಪುರೋಹಿತರು ಕನ್ನಡಕ ಏರಿಸಿ, ಇಳಿಸಿ, ಕೈಮುಗಿದುಬಿಟ್ಟರು. "ಸಾಕ್ಷಾತ್ ಸುದರ್ಶನ ಚಕ್ರ! ಸ್ವಯಂಭೂ! ನಿಮ್ಮ ಪುಣ್ಯ ಇವರೇ!"

"ಅದು ನತ್ತೆ ಸಾಮಿ," ಎಂದಳು ಮಾರಿಯಮ್ಮ, ಒದ್ದೆ ಬಟ್ಟೆ ಹಿಡಿದುಕೊಂಡೇ.

"ಬಾಯ್ಮುಚ್ಚೇ ಮುಂಡೆ," ಎಂದ ಶಿವಪ್ರಸಾದ್.

"ಈಕೆ ಯಾವ ಪೈಕಿ?" ಪುರೋಹಿತರು ಕೇಳಿದರು. ಕೋದಂಡಪ್ಪ ಅವರ ಕಿವಿಯಲ್ಲಿ ಉಸುರಿದ. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಪಂಚಗವ್ಯದಿಂದ ತೊಳೆಸಿ. ಇನ್ನು ಈ ಜನ ಮುಟ್ಟಕೂಡದು. ಆ ಮರದ ಬುಡ ಪ್ರಶಸ್ತವಾಗಿದೆ, ಅಲ್ಲೇ ಸ್ಥಾಪನೆಯಾಗಲಿ."

ಮಾರಿಯಮ್ಮ ತನ್ನ ಒಡೆದ ಬೆರಳುಗಳನ್ನು ನೋಡಿಕೊಂಡಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಮಾರನೆಯ ದಿನವೇ ಮರದ ಸುತ್ತ ಕಟ್ಟೆ, ಕಟ್ಟೆಯ ಮೇಲೆ ಆ ಚಪ್ಪಡಿ, ಕಟ್ಟೆಯ ಸುತ್ತ ಸರಪಳಿ. ಹೆಂಗಸರ ಊಟ ಕಕ್ಕಸಿನ ಗೋಡೆಯ ಪಕ್ಕಕ್ಕೆ, ಸುಡು ಬಿಸಿಲಿಗೆ ಹೋಯಿತು. ಮೂರನೇ ದಿನ ಚೌಡಮ್ಮ ತುತ್ತು ಕೈಯಲ್ಲಿದ್ದಂತೆಯೇ ತಲೆ ಸುತ್ತಿ ಬಿದ್ದಳು.

"ನೆಳ್ಳು ಬೇಕು ಸಾಮಿ, ಇನ್ನೇನೂ ಕೇಳಲ್ಲ," ಎಂದು ಮಾರಿಯಮ್ಮ ಯಜಮಾನನ ಮುಂದೆ ನಿಂತಳು.

"ದೇವರ ಮುಂದೆ ನತ್ತೆ ತಿಂತೀಯೇನೇ? ಓಗೇ!" ಎಂದ ಕೋದಂಡಪ್ಪ. ಯಜಮಾನ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಶುಕ್ರವಾರ ಮಧ್ಯಾಹ್ನ ಪೂಜೆ. ಶಿವಪ್ರಸಾದನ ಹೆಂಡತಿ ಸುಕನ್ಯ, ತಾಯಿ ವೆಂಕಟರತ್ನಮ್ಮ, ನೆಂಟರಿಷ್ಟರು, ರೇಷ್ಮೆಯ ಸರಬರ. ಪುರೋಹಿತರು ಕಲ್ಲಿನ ಸುರುಳಿಯ ಮೇಲೆ ತಂಬಿಗೆ ನೀರು ಸುರಿದರು. ಸುತ್ತಿಕೊಂಡು ಇಳಿದ ನೀರನ್ನು ಬಟ್ಟಲಲ್ಲಿ ಹಿಡಿದು ಎಲ್ಲರಿಗೂ ತೀರ್ಥ ಕೊಟ್ಟರು. ಕೋದಂಡಪ್ಪ ಎರಡು ಸಲ ಕೈ ಒಡ್ಡಿ ಕುಡಿದು, ಮಿಕ್ಕಿದ್ದನ್ನು ತಲೆಗೆ ಸವರಿಕೊಂಡ.

ಊಟದ ಗಂಟೆ ಹೊಡೆಯಿತು. ಮಾರಿಯಮ್ಮ ಡಬ್ಬಿ ಹಿಡಿದು ಬಂದು, ಸರಪಳಿ ದಾಟಿ, ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಲೇ! ಏಳೇ ಮೇಲೆ!" ಕೋದಂಡಪ್ಪ ಕಿರುಚಿದ.

ಅವಳು ಮುಚ್ಚಳ ತೆಗೆದಳು. ಇವತ್ತು ಬೇಕೆಂದೇ ಚಿಪ್ಪಿನ ಸಮೇತ ಬೇಯಿಸಿ ತಂದಿದ್ದಳು. ಒಂದು ನತ್ತೆಯನ್ನೆತ್ತಿ ಎಲ್ಲರಿಗೂ ಕಾಣುವಂತೆ ಕಲ್ಲಿನ ಪಕ್ಕಕ್ಕೆ ಹಿಡಿದಳು. ಇಲ್ಲೂ ಸುರುಳಿ, ಅಲ್ಲೂ ಸುರುಳಿ.

"ನೋಡ್ಕಳಣ್ಣ. ನಾವು ನತ್ತೆ ತೊಳೆದ ನೀರು ಚೆಲ್ಲಿ, ನತ್ತೆ ತಿಂತೀವಿ. ನೀವು ನತ್ತೆ ಬಿಟ್ಟು ತೊಳೆದ ನೀರು ಕುಡಿದ್ರಿ."

ವೆಂಕಟರತ್ನಮ್ಮ ಕಲ್ಲನ್ನೊಮ್ಮೆ, ಚಿಪ್ಪನ್ನೊಮ್ಮೆ ನೋಡಿ, ಸೆರಗು ಬಾಯಿಗೊತ್ತಿಕೊಂಡು ನಲ್ಲಿಯ ಕಡೆ ಓಡಿದರು. ಸುಕನ್ಯ ಹಿಂದೆಯೇ ಓಡಿದಳು. ಕೋದಂಡಪ್ಪ ತಲೆಗೆ ಸವರಿಕೊಂಡಿದ್ದನ್ನು ಅಂಗಿಯ ತೋಳಿನಲ್ಲಿ ಒರೆಸತೊಡಗಿದ.

"ನಾಳೆಯಿಂದ ಗೇಟಿನೊಳಗೆ ಕಾಲಿಟ್ಟರೆ ಕಾಲು ಮುರೀತೀನಿ!" ಶಿವಪ್ರಸಾದ್ ಸರಪಳಿಯಾಚೆಯಿಂದ ಕೂಗಿದ.

"ನಾಳೆ ಮಾತು ನಾಳೆ ಸಾಮಿ. ಈಗ ಊಟದ ಒತ್ತು."

ಚೌಡಮ್ಮ ಸೀರೆ ಎತ್ತಿಕಟ್ಟಿ ಸರಪಳಿ ದಾಟಿದಳು. ಅವಳ ಹಿಂದೆ ಒಬ್ಬಳು, ಮತ್ತೊಬ್ಬಳು. ಹನ್ನೊಂದು ಡಬ್ಬಿಗಳೂ ನೆರಳಲ್ಲಿ ಬಿಚ್ಚಿಕೊಂಡವು.

ಮಾರಿಯಮ್ಮ ಕೈಯಲ್ಲಿದ್ದ ನತ್ತೆಯನ್ನು ಕುಂಕುಮ ಮೆತ್ತಿದ ಕಲ್ಲಿನ ಮೇಲೆ, ಸುರುಳಿಯ ನಟ್ಟ ನಡುವೆ ಇಟ್ಟಳು.

"ನಿನ್ ಕುಲದೋನೇ ಸಾಮಿ," ಎಂದಳು, "ಮೈಲಿಗೆ ಆಗಾಕಿಲ್ಲ."

ಆಮೇಲೆ ಅನ್ನ ಕಲೆಸಿ ಉಣ್ಣತೊಡಗಿದಳು.