ಮಾದರಿ ಹದಿನಾಲ್ಕು

ಅತಿಥಿ ಉಪನ್ಯಾಸಕಿ ಬಂದದ್ದು ಐದೇ ದಿನಗಳ ಮಟ್ಟಿಗೆ. ಮೊದಲ ದಿನ ಕಪ್ಪುಹಲಗೆಯ ಮೇಲೆ ‘ವಸಾಹತೋತ್ತರ ಅಧ್ಯಯನ’ ಎಂದು ಬರೆದು ಅವರು ಸೀಮೆಸುಣ್ಣದ ಕೈ ಕೊಡವಿಕೊಳ್ಳುತ್ತಿದ್ದಂತೆ ಹಿಂದಿನ ಬೆಂಚಿನ ವಾಚಾಳಿ ಎದ್ದು ನಿಂತ.

“ಮೇಡಂ, ಆ ಬಿಳಿ ದೊರೆಗಳು ಗಂಟುಮೂಟೆ ಕಟ್ಕೊಂಡು ಹೋಗಿ ಎಷ್ಟೋ ಕಾಲ ಆಯ್ತು. ಇನ್ನೇನಿದೆ ಓದೋಕೆ?”

“ಹೋದ್ರು, ನಿಜ. ಮನೇಲಿ ಏನೇನು ಬಿಟ್ಟು ಹೋದ್ರು ಅಂತ ಒಂದ್ಸಲ ತಡಕಿ ನೋಡೋಣಪ್ಪ.”

ತರಗತಿ ನಕ್ಕಿತು. ಮೂರನೆಯ ಸಾಲಿನಲ್ಲಿದ್ದ, ಫೋಟೋ ಸ್ಟುಡಿಯೋದವರ ಮಗಳೂ ನಕ್ಕಳು.

ನಾಲ್ಕನೆಯ ದಿನ ಪರದೆಯ ಮೇಲೆ ಹಳೆಯ ಗ್ರಂಥವೊಂದರ ಪುಟ ಮೂಡಿತು. ಅಂದಿನ ಆಳರಸರು ಇಲ್ಲಿನವರ ತಲೆ, ಮೂಗು, ಗಲ್ಲಗಳನ್ನು ಅಳೆದು ವಿಂಗಡಿಸಿಟ್ಟ ಗ್ರಂಥ ಅದು. ಎಡಕ್ಕೆ ತಿರುಗಿ ಕುಳಿತ ತರುಣಿ. ಬೆನ್ನ ಹಿಂದೆ ಗೆರೆ ಕೊರೆದ ಅಳತೆಗೋಲು. ಕೆಳಗೆ ‘ಮಾದರಿ ಹದಿನಾಲ್ಕು’.

“ಈಕೆ ಯಾರು ಅನ್ನೋದು ಬರೆದವನಿಗೆ ಬೇಕಾಗಿರಲಿಲ್ಲ. ನಮಗೆ ಗೊತ್ತಿಲ್ಲ,” ಎಂದರು ಉಪನ್ಯಾಸಕಿ.

ಸ್ಟುಡಿಯೋದವರ ಮಗಳಿಗೆ ಗೊತ್ತಿತ್ತು. ಅದೇ ಚಿತ್ರ ಅವರ ಸ್ಟುಡಿಯೋದ ಗೋಡೆಯ ಮೇಲಿತ್ತು, ಅಳತೆಗೋಲಿನ ಭಾಗ ಕತ್ತರಿಸಿ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ. ಅದು ಮುತ್ತಜ್ಜಿ. ಹೇಳಿಬಿಡಬೇಕೆನಿಸಿತು, ನಾಲಿಗೆ ಏಳಲಿಲ್ಲ. ಪಾಠ ಮುಗಿಯಿತು. ಮರುದಿನ ಅವಳು ಕಾಲೇಜಿಗೆ ಹೋಗಲಿಲ್ಲ. ಉಪನ್ಯಾಸಕಿ ತಮ್ಮ ಊರಿಗೆ ಹೊರಟುಹೋದರು.

“ಊರಿಗೆಲ್ಲ ನನ್ನೊಬ್ಬಳನ್ನೇ ಆರಿಸಿ ಕೂರಿಸಿದ ಆ ದೊರೆ” ಎಂದು ಮುತ್ತಜ್ಜಿ ಸಾಯುವತನಕ ಹೇಳುತ್ತಿದ್ದಳಂತೆ. ಆ ಮಾತು ಮನೆಯ ಕಟ್ಟಳೆಯಾಯಿತು. ಇಪ್ಪತ್ತು ತುಂಬಿದ ಹೆಣ್ಣುಮಕ್ಕಳೆಲ್ಲ ಹಾಗೆಯೇ ಎಡಕ್ಕೆ ತಿರುಗಿ, ಗಲ್ಲ ಎತ್ತಿ, ಉಸಿರು ಹಿಡಿದು ಕೂತರು: ಅಜ್ಜಿ, ಅತ್ತೆ, ಅಕ್ಕ. ಗೋಡೆಯುದ್ದಕ್ಕೂ ಒಂದೊಂದೇ ಕಣ್ಣಿನ ಮುಖಗಳು, ಎಂದೂ ಬಾರದ ಯಾರನ್ನೋ ಕಾಯುವಂತೆ.

ಭಾನುವಾರ ಅವಳ ಸರದಿ. ಅವಳು ಸ್ಟೂಲಿನ ಮೇಲೆ ಕೂತಳು, ಅಪ್ಪ ದೀಪಗಳನ್ನು ಸರಿಮಾಡಿದರು. ಅಜ್ಜಿ ಎಲ್ಲರಿಗೂ ಮಾಡಿದಂತೆ ಗಲ್ಲ ಹಿಡಿದು ತಿರುಗಿಸಲು ಬಂದಳು. ಮೊಮ್ಮಗಳು ಮುಖ ಕೊಸರಿಕೊಂಡಳು.

“ಏನೇ ಇದು ಬಿಂಕ? ನಿನ್ನ ಮೂಗೇನೂ ನಮ್ಮಮ್ಮನ ಮೂಗಿಗಿಂತ ಮೇಲಲ್ಲ ಬಿಡು.”

“ಅಜ್ಜೀ, ಮುತ್ತಜ್ಜಿ ಫೋಟೋ ಚೆಂದಕ್ಕೆ ತೆಗೆದದ್ದಲ್ಲ.”

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಅಳತೆಗೋಲು, ಗ್ರಂಥ, ಎಲ್ಲವನ್ನೂ ಹೇಳಿದಳು. ಅಪ್ಪ ಕ್ಯಾಮೆರಾದ ಮಸೂರ ಒರೆಸುತ್ತ ನಿಂತರು.

“ಹೆಸರು ಹಾಕಿದ್ರಾ?” ಅಜ್ಜಿ ಕೇಳಿದಳು.

“ಇಲ್ಲಜ್ಜಿ. ಹದಿನಾಲ್ಕು ಅಂತ ಬರೆದಿದ್ರು.”

ಅಜ್ಜಿ ಬೆರಳು ಮಡಿಚುತ್ತ ಎಣಿಸಿದಳು. ಎಲ್ಲೋ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು. “ಹಾಗಾದ್ರೆ ಅವಳಿಗಿಂತ ಮುಂಚೆ ಹದಿಮೂರು ಜನ ಇದ್ರು. ಪಾಪ, ನಮ್ಮಮ್ಮ… ತಾನೊಬ್ಬಳೇ ಅಂದ್ಕೊಂಡಿದ್ಲಲ್ಲೇ.”

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು ಎಂದು ಮೊಮ್ಮಗಳಿಗೆ ಆಗ ಅನಿಸಿತು. ತರಗತಿಯಲ್ಲಿ ಆಡಬೇಕಾದ ಮಾತನ್ನು ತಂದು ಈ ಮುದುಕಿಯ ಮಡಿಲಿಗೆ ಸುರಿದಿದ್ದಳು.

“ಏಳು,” ಎಂದಳು ಅಜ್ಜಿ. ಸ್ಟೂಲಿನ ಮೇಲೆ ತಾನೇ ಕೂತು ಸೆರಗು ಸರಿಮಾಡಿಕೊಂಡಳು. “ಲೋ, ನನ್ನದು ತೆಗಿಯೋ. ಎದುರಿಗೆ. ಎರಡು ಕಣ್ಣೂ ಬರಲಿ.”

“ಇಲ್ಲಿ ನೋಡಮ್ಮ,” ಎಂದರು ಅಪ್ಪ.

ಅಜ್ಜಿ ನೋಡಿದಳು. ದೀಪ ಹತ್ತಿದ್ದೇ ತಡ, ಕುತ್ತಿಗೆ ತಾನಾಗಿ ಎಡಕ್ಕೆ ಹೊರಳಿತು. ನಕ್ಕು ಸರಿಪಡಿಸಿಕೊಂಡಳು. ಮತ್ತೆ ಹೊರಳಿತು. ಮೂರನೆಯ ಸಲ ನಗಲಿಲ್ಲ.

“ಹಿಡ್ಕೊಳ್ಳೇ, ನೆಟ್ಟಗೆ ಹಿಡ್ಕೋ ನನ್ನ ಮುಖಾನ,” ಎಂದಳು ಗೋಡೆಯತ್ತ ತಿರುಗಿಕೊಂಡೇ.

ಆ ಸುಕ್ಕುಗಟ್ಟಿದ ಗಲ್ಲದ ಹತ್ತಿರದವರೆಗೂ ಹೋದ ಮೊಮ್ಮಗಳ ಕೈ ಅಲ್ಲೇ ನಿಂತಿತು. ಆ ದೊರೆಯ ಹಾಗೆ ಹಿಡಿದು ತಿರುಗಿಸಲು ಮನಸ್ಸು ಬರಲಿಲ್ಲ. ಅಜ್ಜಿ ಕಾಯುತ್ತಲೇ ಇದ್ದಳು.