ಗಾಡಿ ಮತ್ತೆ ಯಾರಿಗೆ ಬೇಕಿತ್ತು?

ನಮ್ಮ ಮನೆಯ ಸ್ಕೂಟರು ಹಗಲಿಡೀ ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿರುತ್ತದೆ. ಮೈದುನ ಗುರುಪ್ರಸಾದ ಬೆಳಿಗ್ಗೆ ಏಳಕ್ಕೆ ಶೆಟಗೇರಿಯಿಂದ ಅದರಲ್ಲಿ ಹೋಗಿ, ಅಲ್ಲಿ ನಿಲ್ಲಿಸಿ, ತೋಡೂರಿನ ಕೆಲಸಕ್ಕೆಂದು ಕಾರವಾರದ ಬಸ್ಸು ಹತ್ತುತ್ತಾನೆ. ಎಂಟೂಕಾಲಿಗೆ ನಾನು ಬಸ್ಸಿನಲ್ಲಿ ಅದೇ ಸ್ಟ್ಯಾಂಡಿಗೆ ಬಂದು ಸುಂಕಸಾಳಕ್ಕೆ ಹೋಗಲು ಯಲ್ಲಾಪುರದ ಬಸ್ಸು ಕಾಯುತ್ತೇನೆ. ನಿಂತಲ್ಲಿಂದ ಸ್ಕೂಟರು ಕಾಣುತ್ತದೆ. ಅದು ನೆರಳಿನಲ್ಲಿ, ನಾನು ಬಿಸಿಲಿನಲ್ಲಿ.

ನಾಲ್ಕು ವರ್ಷದ ಹಿಂದೆ ಅದನ್ನು ತರುವಾಗ ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆದಿತ್ತು. ಮಗ ಸಂಕೇತನಿಗೆ ಬೈಕೇ ಬೇಕು. “ಸ್ಕೂಟರಾದ್ರೆ ಜಯಂತಿಗೂ ಆಗ್ತದೆ” ಎಂದು ನಮ್ಮ ಮನೆಯವರು, ಬೊಮ್ಮಯ್ಯ, ತೀರ್ಮಾನ ಕೊಟ್ಟರು. ಆ ಮಾತು ನಂಬಿ ನಾನು ಓಡಿಸಲು ಕಲಿತೆ, ಲೈಸೆನ್ಸು ಮಾಡಿಸಿದೆ. ಒಂದು ತಿಂಗಳು ಓಡಿಸಿದೆನೋ ಇಲ್ಲವೋ, ಗುರುಪ್ರಸಾದನಿಗೆ ತೋಡೂರಿನಲ್ಲಿ ಕೆಲಸ ಸಿಕ್ಕಿತು. ಒಂದು ದಿನ ಕೊಟ್ಟೆ, ಎರಡು ದಿನ ಕೊಟ್ಟೆ. ಆಮೇಲೆ ಕೊಡುವ ಮಾತೇ ಉಳಿಯಲಿಲ್ಲ.

ಗಾಡಿ ಬೇಕಾದವರು ಹಿಂದಿನ ದಿನ ಸಂಜೆ ಚಾ ಕುಡಿಯುವಾಗ ಹೇಳಿಬಿಡಬೇಕು, ಹೇಳಿದವರಿಗೆ ಗಾಡಿ. ಇದು ನಮ್ಮ ಮನೆಯಲ್ಲಿ ಯಾರೂ ಮಾಡದೆ ತಾನಾಗಿಯೇ ಆದ ಕಾಯಿದೆ. ಆ ಹೊತ್ತಿಗೆ ನಾನು ಒಳಗೆ ಚಾ ಸೋಸುತ್ತಿರುತ್ತೇನೆ. ಹಾಗಂತ ಅಡುಗೆಮನೆಯಿಂದ ಕೂಗಿದರೆ ಜಗಲಿಗೆ ಕೇಳದಷ್ಟು ದೊಡ್ಡ ಮನೆಯೇನಲ್ಲ ನಮ್ಮದು.

ಕಳೆದ ವಾರ ಎರಡು ಸಂಗತಿ ಒಟ್ಟಿಗೆ ಬಂದವು. ಸುಂಕಸಾಳದ ಸಹಕಾರಿ ಸಂಘದಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಗುಮಾಸ್ತೆ. ಕಾರ್ಯದರ್ಶಿ ನಿವೃತ್ತರಾದರು. ಅಧ್ಯಕ್ಷರು ನನ್ನನ್ನು ಕರೆದು, “ನೀವೇ ಆಗಿ. ಆದ್ರೆ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೀಬೇಕು. ಶನಿವಾರದೊಳಗೆ ಹೇಳಿ” ಎಂದರು. ನನ್ನ ಬಸ್ಸು ಸುಂಕಸಾಳ ಮುಟ್ಟುವುದೇ ಒಂಬತ್ತೂಕಾಲಿಗೆ. ಅದಕ್ಕಿಂತ ಮುಂಚಿನದು ಇಲ್ಲ.

ಇನ್ನೊಂದು, ಕಾರವಾರದ ಕಾಲೇಜಿನ ಹುಡುಗಿ ನಿಶಾ ಸಮೀಕ್ಷೆಗೆಂದು ಮನೆಗೆ ಬಂದದ್ದು. ಯಾವ ಮನೆಯಲ್ಲಿ ಎಂಥ ಗಾಡಿ ಕೊಳ್ಳುತ್ತಾರೆ, ಯಾರು ಓಡಿಸುತ್ತಾರೆ, ಹೇಗೆ ಹಂಚಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿ, ನಾಳೆ ಎಷ್ಟು ಬಸ್ಸು, ಎಷ್ಟು ರಸ್ತೆ ಬೇಕಾದೀತು ಎಂದು ಅಂದಾಜು ಮಾಡುತ್ತಾರಂತೆ. ಏಳು ದಿನ ತುಂಬಲು ಒಂದು ಪುಸ್ತಕ ಕೊಟ್ಟಳು. ಅಕ್ಷರ ಚೆನ್ನಾಗಿದೆ ಎಂದು ಅದೂ ನನ್ನ ತಲೆಗೇ ಬಂತು.

ಬರೆದೆ. ಗುರುಪ್ರಸಾದ, ಅಂಕೋಲೆ. ಬೊಮ್ಮಯ್ಯ, ತಿರುವಿನ ಅಂಗಡಿ, ಬಾಳೆಹಣ್ಣು. ನಡೆದರೆ ಐದು ನಿಮಿಷ. ಸಂಕೇತ ಒಂದೇ ಸಂಜೆ ಮೂರು ಸಲ ಹೋಗಿ ಬಂದ. ಕಾರಣ ಕೇಳಿದರೆ “ಸುಮ್ನೆ ಆಯಿ” ಎಂದ. ಕಾರಣದ ಜಾಗದಲ್ಲಿ ‘ಸುಮ್ಮನೆ’ ಎಂದೇ ಬರೆದೆ.

ಪ್ರತಿ ಪುಟದ ಕೊನೆಗೆ ಒಂದು ಪ್ರಶ್ನೆ: ‘ಆ ಹೊತ್ತಿಗೆ ಗಾಡಿ ಮತ್ತೆ ಯಾರಿಗೆ ಬೇಕಿತ್ತು?’ ದಿನಾ ‘ಯಾರಿಗೂ ಇಲ್ಲ’ ಎಂದು ಬರೆದೆ. ಶುಕ್ರವಾರ ಮಾತ್ರ ಪೆನ್ನು ಅಲ್ಲೇ ನಿಂತಿತು. ಗುರುಪ್ರಸಾದನಿಗೆ ದೂರದ ಕೆಲಸ, ಇವರಿಗೆ ಮಂಡಿನೋವು, ಸಂಕೇತನಿಗೆ ಪ್ರಾಯ. ಎಲ್ಲರ ಪರವಾಗಿ ನಾನೇ ವಕಾಲತ್ತು ವಹಿಸಿ, ನಾನೇ ಸೋತು, ‘ಯಾರಿಗೂ ಇಲ್ಲ’ ಎಂದು ಬರೆದು ಮುಚ್ಚಿಟ್ಟೆ.

ಶನಿವಾರ ಅಧ್ಯಕ್ಷರಿಗೆ ಆಗುವುದಿಲ್ಲ ಎಂದೆ.

“ಮನೆಲಿ ಗಾಡಿ ಇಲ್ವಾ?” ಎಂದು ಕೇಳಿದರು.

“ಉಂಟು. ಬೇರೆಯವರಿಗೆ ಬೇಕು.”

ಮಧ್ಯಾಹ್ನದೊಳಗೆ ವಿನೋದನನ್ನು ಕಾರ್ಯದರ್ಶಿ ಮಾಡಿದರು. ಮೂರು ವರ್ಷದ ಹಿಂದೆ ಸೇರಿದವನು, ರಸೀದಿ ಬರೆಯಲು ನಾನೇ ಕಲಿಸಿದ್ದೆ. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ.

ಭಾನುವಾರ ನಿಶಾ ಬಂದಳು. ಎಲ್ಲರೂ ಜಗಲಿಯಲ್ಲಿದ್ದರು. ಪುಸ್ತಕ ತಿರುವಿ ಹಾಕಿ ಅವಳಿಗೆ ಖುಷಿಯಾಯಿತು.

“ಒಂದು ಗಾಡಿ, ನಾಲ್ಕು ಜನ, ಒಂದು ದಿನವೂ ತಕರಾರಿಲ್ಲ. ಈ ಮನೆಗೆ ಗಾಡಿ ಸಾಕಾಗ್ತದೆ ಅಂತ ಹಾಕ್ಲಾ?”

“ಹಾಕು ತಂಗಿ. ನಮ್ಮಲ್ಲಿ ಗಾಡಿಗೆ ಜಗಳ ಆದದ್ದೇ ಇಲ್ಲ” ಎಂದರು ಇವರು, ಹೆಮ್ಮೆಯಿಂದ.

“ನಂಗೆ ಬೇಕಿತ್ತು” ಎಂದೆ.

ಎಲ್ಲರೂ ನನ್ನ ಕಡೆ ನೋಡಿದರು. ಹೇಳಬೇಕೆಂದು ಹೊರಟದ್ದಲ್ಲ, ಆದರೆ ಬಾಯಿಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಕಾರ್ಯದರ್ಶಿ ಕೆಲಸದ್ದು, ಎಂಟೂವರೆಯದ್ದು, ವಿನೋದನದ್ದು, ಎಲ್ಲ ಹೇಳಿದೆ.

ಗುರುಪ್ರಸಾದನ ಮುಖ ಸಣ್ಣದಾಯಿತು. “ಅತ್ತಿಗೆ, ಗಾಡಿ ಹ್ಯಾಂಗೂ ದಿನವಿಡೀ ಅಲ್ಲೇ ನಿಂತಿರ್ತದೆ. ನಿಮ್ಮನ್ನ ಹಿಂದೆ ಕೂರಿಸ್ಕಂಡು ಹೋಗಿ ಅಂಕೋಲೆಲಿ ಚಾವಿ ಕೊಡ್ತಿದ್ದೆ. ಒಂದು ಮಾತು ಹೇಳೂಕೆ ಆಗ್ಲಿಲ್ವಾ?”

ಅವನು ಸುಳ್ಳು ಹೇಳುವವನಲ್ಲ. ಕೊಡುವುದಿಲ್ಲ ಎಂದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಇಷ್ಟು ಸಲೀಸಾಗಿ ಸಿಗುವುದಕ್ಕೆ ನಾಲ್ಕು ವರ್ಷ ಬಿಸಿಲಲ್ಲಿ ನಿಂತೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

“ನಾವು ಬೇಡ ಅಂದಿದ್ವಾ?” ಎಂದರು ಇವರು.

“ಬೇಕಾ ಅಂತಾನೂ ಕೇಳ್ಲಿಲ್ಲ.”

ನಿಶಾ ಮೆಲ್ಲಗೆ, “ತಿದ್ಲಾ ಅಕ್ಕ?” ಎಂದಳು. ತಿದ್ದು ಎಂದೆ. ಏಳು ಪುಟದಲ್ಲೂ ‘ಯಾರಿಗೂ ಇಲ್ಲ’ ಹೊಡೆದುಹಾಕಿ ‘ಜಯಂತಿ’ ಎಂದು ಬರೆದಳು. ಅದರಿಂದ ಅವರ ಅಂದಾಜು ಎಷ್ಟು ಬದಲಾಗುತ್ತದೋ ನನಗೆ ಗೊತ್ತಿಲ್ಲ.

ಸೋಮವಾರ ಗುರುಪ್ರಸಾದ ಅಂಕೋಲೆಯಲ್ಲಿ ಇಳಿದು ಚಾವಿ ಕೈಗಿಟ್ಟ. ಪೇಟೆ ದಾಟುವವರೆಗೆ ಬ್ರೇಕು ಹಿಡಿದುಕೊಂಡೇ ಓಡಿಸಿದೆ. ಮುಂದೆ ಲಾರಿಗಳ ಹಿಂದೆ ಹಿಂದೆ ಹೋಗುತ್ತ ರೂಢಿಯಾಯಿತು. ಗಾಳಿ ತಣ್ಣಗಿತ್ತು, ಮನಸ್ಸಿಗೆ ಖುಷಿಯೂ ಆಯಿತು. ಸುಂಕಸಾಳ ಮುಟ್ಟಿದಾಗ ಎಂಟೂ ಹತ್ತು.

ಸಂಘಕ್ಕೆ ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಕೂತು ಕಾದೆ. ಎಂಟೂವರೆಗೆ ಸರಿಯಾಗಿ ವಿನೋದ ಬಂದ.

“ಏನು ಜಯಂತಕ್ಕ, ಇವತ್ತು ಇಷ್ಟು ಬೇಗ?”

“ಗಾಡಿ ಸಿಕ್ತು” ಎಂದೆ. ಅವನು ಬೀಗ ತೆಗೆಯಲೆಂದು ಎದ್ದು ಪಕ್ಕಕ್ಕೆ ನಿಂತೆ.