ಹೊಸ್ತಿಲು ಬಿಟ್ಟು ಉಳಿದದ್ದೆಲ್ಲ ಮಾರಾಟಕ್ಕೆ

ಮನೆ ಮಾರುವುದೆಂದರೆ ಹೆಣ್ಣು ತೋರಿಸಿದ ಹಾಗೆ ಎಂದು ದಲಾಲಿ ಸಾತಪ್ಪ ಹೇಳಿದ್ದ. ಬಂದವರ ಕಣ್ಣಿಗೆ ಚೊಕ್ಕ ಕಾಣಬೇಕು, ಮಾತು ಕಡಿಮೆ ಇರಬೇಕು, ಮನೆಯ ಹಿರಿಯರಂತೂ ಬಾಯಿ ಬಿಡಲೇಬಾರದು. ಈ ಸಾತಪ್ಪ ತನ್ನ ಹೆಣ್ಣುಮಕ್ಕಳನ್ನು ಹಾಗೆಯೇ ದಡ ಸೇರಿಸಿದವನು, ಜಮಖಂಡಿಯ ಅರ್ಧ ಪೇಟೆಯ ಮನೆಗಳನ್ನೂ ಹಾಗೆಯೇ ಕೈ ಬದಲಿಸಿದವನು. ಅವನ ಮಾತಿಗೆ ಭಾಗ್ಯಾ ಎದುರಾಡಲಿಲ್ಲ. ಎದುರಾಡುವ ಪುರುಸೊತ್ತೂ ಅವಳಿಗಿರಲಿಲ್ಲ.

ಭಾಗ್ಯಾಳ ಗಂಡ ಮಾಳು ಕುರಿ ಹಿಂಡಿನ ಹಿಂದೆ ಹೋದವನು ಸಿಡಿಲು ಬಡಿದು ಸತ್ತಿದ್ದ. ಮಕ್ಕಳಿರಲಿಲ್ಲ. ಈಗ ಆ ಮನೆ ಮೂವರದು: ಅತ್ತೆ ಸತ್ಯವ್ವ, ಬನಹಟ್ಟಿಯಲ್ಲಿ ಸೀರೆ ಮಗ್ಗ ನಡೆಸುವ ಮೈದುನ ಹಾಲೇಶ, ಮತ್ತು ಭಾಗ್ಯಾ. ಮಾರಿದರೆ ಸತ್ಯವ್ವ ಹಾಲೇಶನ ಮನೆಗೆ ಹೋಗುವುದು, ಭಾಗ್ಯಾ ತನ್ನ ಪಾಲು ಹಿಡಿದು ಮುಧೋಳಕ್ಕೆ ಹೋಗುವುದು ಎಂದು ಮಾತಾಗಿತ್ತು. ಮುಧೋಳದಲ್ಲಿ ಅವಳ ಚಿಗವ್ವ ಯಲ್ಲಕ್ಕ ತನ್ನ ಮಗ್ಗುಲ ಖೋಲಿಯೊಂದನ್ನು ಇವಳಿಗಾಗಿಯೇ ತಡೆದು ಇಟ್ಟಿದ್ದಳು. ಒಂದು ಖೋಲಿ, ಮುಂದೊಂದು ಕಟ್ಟೆ. ಅಲ್ಲಿ ಕೂತು ಖಡಕ್ ರೊಟ್ಟಿ ಬಡಿದರೆ ಸಕ್ಕರೆ ಕಾರ್ಖಾನೆಯ ಕೆಲಸಗಾರರೇ ಗಿರಾಕಿಗಳು. "ದೀಪಾವಳಿ ತನಕಾ ತಡೀತೇನಿ ನೋಡವಾ. ಆಮ್ಯಾಲ ಮಾಲಕ ನನ್ನ ಮಾತ ಕೇಳೂದಿಲ್ಲ" ಎಂದು ಯಲ್ಲಕ್ಕ ಮೊದಲೇ ಹೇಳಿದ್ದಳು.

ಭಾಗ್ಯಾಳಿಗೆ ದುಡಿಮೆಯ ಹೆದರಿಕೆ ಯಾವತ್ತೂ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಒಳಗಿನಿಂದ ತಾನೇ ಅಗಳಿ ಹಾಕಿಕೊಳ್ಳಬಹುದಾದ ಒಂದು ಬಾಗಿಲು. ತವರಲ್ಲಿ ಅಣ್ಣಂದಿರ ಮನೆ, ಇಲ್ಲಿ ಅತ್ತೆಯ ಮನೆ, ನಾಳೆ ಮೈದುನನ ಮನೆ. ಹೆಣ್ಣಿಗೆ ಮನೆಗಳಿಗೇನು ಕಡಿಮೆ? ಒಂದೂ ಅವಳದಲ್ಲ, ಅಷ್ಟೇ.

ಮೊದಲು ಬಂದ ಗಿರಾಕಿಯನ್ನು ಹಾಲೇಶ ಓಡಿಸಿದ. ಓಣಿಯಲ್ಲಿ ಯಾರೂ ಕೇಳಿರದ ರೇಟು ಹೇಳಿ, "ತಗೊಂಡ್ರ ತಗೋರಿ, ಬಿಟ್ರ ಬಿಡ್ರಿ" ಅಂದ. ಅವರು ಬಿಟ್ಟರು. ಹಾಲೇಶನದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಬುದ್ಧಿ. ಮನೆ ಮಾರುವ ಮೊದಲೇ ಹೊಸ ಮಗ್ಗಗಳಿಗೆ ಮಾತಾಡಿ ಬಂದಿದ್ದ. ಎರಡನೆಯ ಗಿರಾಕಿ ಬಂದದ್ದು ಮಳೆಯಲ್ಲಿ. ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವಾಗ ಮಣ್ಣಿನ ಮಾಳಿಗೆ ಸೋರಿ ಅವನ ತಲೆಯ ಪಟಕಾದ ಮೇಲೇ ಕೆಸರು ನೀರು ತೊಟ್ಟಿಕ್ಕಿತು. ಆ ಮನುಷ್ಯ ಮೇಲೆ ನೋಡಿದ, ಚಹಾ ಮುಗಿಸಿದ, ಹೋದ.

ಆಗ ಭಾಗ್ಯಾ ಸೆರಗು ಬಿಗಿದಳು. ಮಳೆ ನಿಂತ ಮೇಲೆ ಮಾಳಿಗೆಯ ಮೇಲೆ ನೀರು ತಡೆಯುವ ಕರಲು ಮಣ್ಣು ಹೊರಿಸಿ, ತಾನೇ ತುಳಿದು ಗಟ್ಟಿ ಮಾಡಿದಳು. ಗೋಡೆಗೆ ಸುಣ್ಣ ಹಚ್ಚಿದಳು. ಮನೆಯ ಹಕ್ಕಿನ ಉತಾರ, ಕರ ತುಂಬಿದ ಪಾವತಿ, ಮಾಳುವಿನ ಸಾವಿನ ದಾಖಲೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಟ್ಟಳು. ಹಿತ್ತಲ ಕೊಟ್ಟಿಗೆಯಲ್ಲಿ ತಲೆಮಾರುಗಳಿಂದ ಕೂತಿದ್ದ ಉಣ್ಣೆಯ ವಾಸನೆ ಹೋಗಲೆಂದು ಲೋಬಾನದ ಹೊಗೆ ಹಾಕಿದಳು.

ಅಷ್ಟರಲ್ಲಿ ಸಾತಪ್ಪ ಮೂರನೆಯ ಗಿರಾಕಿಯನ್ನು ಹಿಡಿದ. ಆಲಮಟ್ಟಿ ಅಣೆಕಟ್ಟು ತುಂಬಿ ಬೀಳಗಿ ಕಡೆಯ ಊರುಗಳು ಮುಳುಗಿ ಎದ್ದಿದ್ದ ಕಾಲ ಅದು. ಹೊಲ ಕಳಕೊಂಡವರೆಲ್ಲ ಪರಿಹಾರ ಹಿಡಿದು ಜಮಖಂಡಿ, ಮುಧೋಳದಲ್ಲಿ ಮನೆ ಹುಡುಕುತ್ತಿದ್ದರು. ಶಾಂತಿನಾಥ ಅಂಥವರಲ್ಲೊಬ್ಬ. ಹೊಳೆದಂಡೆಯ ಹೊಲ ನೀರಿಗೆ ಕೊಟ್ಟು, ಪೇಟೆಯಲ್ಲಿ ಕಾಳಿನ ಅಂಗಡಿ ಇಡುವ ಯೋಚನೆಯಲ್ಲಿದ್ದ.

"ಜೈನ್ರು. ನಾಜೂಕ ಮಂದಿ" ಎಂದ ಸಾತಪ್ಪ. "ಮನಿ ಅವ್ರಿಗೆ ಹೊರಗಿಂದ ಮನಸ್ಸಿಗೆ ಬಂದೈತಿ. ಒಳಗ ನೀವು ಸಂಭಾಳಸ್ರಿ. ಮುದುಕಿನ್ನ ಆವತ್ತೊಂದಿನ ಎಲ್ಲೆರೆ ಕಳಸಿಬಿಡ್ರಿ."

ಭಾಗ್ಯಾ ತಲೆಬಾಗಿಲ ಮೇಲಿನ ಟಗರಿನ ಕೊಂಬು ಕಿತ್ತಳು. ಅಡಿಗೆ ಮನೆಯ ತೊಲೆಗೆ ಹೊಡೆದಿದ್ದ ಮಾಂಸ ತೂಗುಹಾಕುವ ಕೊಕ್ಕೆ ತೆಗೆಸಿ, ಆ ತೂತಿಗೆ ಸುಣ್ಣ ಮೆತ್ತಿದಳು. ಉಳಿದದ್ದು ಹೊಸ್ತಿಲು. ಮನೆದೇವರು ಬೀರೇಶ್ವರನಿಗೇನೋ ಹಾಲು, ಭಂಡಾರ ಸಾಕು. ಅವನನ್ನು ಜಗುಲಿಯಿಂದ ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಮನೆ ಕಟ್ಟಿದವರು ತಲೆಬಾಗಿಲ ಹೊಸ್ತಿಲ ಬುಡದಲ್ಲಿ ಕಾವಲಿಗೆಂದು ಕರಿಯವ್ವನ ಕಲ್ಲು ಹೂಳಿದ್ದರು. ಮಾನೌಮಿಯ ಮರುದಿನ ಅವಳಿಗೊಂದು ಟಗರು ಬೀಳಲೇಬೇಕು. ಈ ಸಲದ್ದು ಆಗಿ ಹೋಗಿತ್ತು. ಭಾಗ್ಯಾ ಹುಣಸೆಹಣ್ಣು ಹಚ್ಚಿ ಹೊಸ್ತಿಲ ಕಟ್ಟಿಗೆಯಲ್ಲಿ ಕೂತ ರಕ್ತದ ಕೆಂಪು ಹೋಗುವ ತನಕ ತಿಕ್ಕಿದಳು. ಮುಂದಿನ ವರ್ಷದ ಟಗರಿನ ಪ್ರಶ್ನೆಯನ್ನು ಮುಂದಿನ ವರ್ಷಕ್ಕೇ ಬಿಟ್ಟಳು.

ಸತ್ಯವ್ವ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದಳು.

"ಕೊಂಬ ಯಾಕ ಕಿತ್ತಿ ಬೇ?"

"ಬರೋರು ಜೈನ್ರದಾರ್ರಿ ಅತ್ತಿ. ಅವ್ರ ಮುಂದ ಇದ್ಯಾವ್ದರ ಮಾತೂ ತಗೀಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ."

"ನಾ ಯಾಕ ತಗೀಲವಾ? ನಿನಗ ಛಲೋ ಆದ್ರ ಸಾಕ."

ಅದನ್ನು ಸತ್ಯವ್ವ ಮನಸ್ಸಿನಿಂದಲೇ ಅಂದಳು. ಅವಳನ್ನು ಮಗಳು ಸಾವಿತ್ರೆವ್ವನ ಮನೆಗೆ ಕಳಿಸಬೇಕೆಂದು ಭಾಗ್ಯಾ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಸ್ವಂತ ಮನೆಯನ್ನು ಮಾರುವ ದಿನ ಮುದುಕಿಯನ್ನು ಹೊರಗೆ ಹಾಕುವಷ್ಟು ಕಲ್ಲೆದೆ ಅವಳದಲ್ಲ. ಮನೆ ಮಾರುವವರು ಮಾಡುವ ತಪ್ಪುಗಳನ್ನೆಲ್ಲ ಸಾತಪ್ಪ ಎಣಿಸಿ ಹೇಳಿದ್ದ. ಕರುಣೆಯೂ ಅದರಲ್ಲೊಂದು ಎಂದು ಮಾತ್ರ ಬಿಡಿಸಿ ಹೇಳಿರಲಿಲ್ಲ.

ಶಾಂತಿನಾಥ, ಅವನ ಹೆಂಡತಿ ಹೀರಾ ಮಧ್ಯಾಹ್ನ ಬಂದರು. ಗಂಡ ಗೋಡೆ ಬಡಿದು ನೋಡಿದ, ಮಾಳಿಗೆ ಹತ್ತಿ ಇಳಿದ. ಹೀರಾ ಅಡಿಗೆ ಮನೆಯಲ್ಲೇ ಬಹಳ ಹೊತ್ತು ನಿಂತಳು. "ಬೆಳಕ ಛಲೋ ಐತಿ. ಹೊತ್ತ ಮುಣಗೂದ್ರೊಳಗ ಅಡಿಗಿ, ಊಟ ಮುಗಸೋರಿಗೆ ಇಂಥಾ ಬೆಳಕ ಬೇಕ ನೋಡ್ರಿ" ಎಂದು ಭಾಗ್ಯಾಳ ಕಡೆ ತಿರುಗಿ ನಕ್ಕಳು. ಆ ನಗುವಿನಲ್ಲಿ ಭಾಗ್ಯಾಳಿಗೆ ಮುಧೋಳದ ಖೋಲಿ, ಕಟ್ಟೆ, ಅಗಳಿ ಎಲ್ಲವೂ ಕಂಡವು. ಬಾವಿಯ ನೀರು ತೋರಿಸಲು ಒಂದರ ಬದಲು ಎರಡು ಕೊಡ ಸೇದಿದಳು.

ರೇಟಿನ ಮಾತು ಸರಾಗವಾಗಿ ಮುಗಿಯಿತು. ಹಾಲೇಶ ಕೂಡ ಆವತ್ತು ಮನುಷ್ಯನಂತೆ ವರ್ತಿಸಿದ. ಶಾಂತಿನಾಥ ಮುಂಗಡದ ಸಂಚಕಾರ ಕೊಡಲೆಂದು ಅಂಗಿಯ ಒಳಗಿನ ಕಿಸೆಗೆ ಕೈ ಹಾಕಿದ. ಹೀರಾ ಹೊರಗಿನಿಂದ ಮನೆಯನ್ನು ಇನ್ನೊಮ್ಮೆ ನೋಡಬೇಕೆಂದು ಹೊಸ್ತಿಲ ಮೇಲೆ ಕಾಲಿಟ್ಟಳು.

"ತಂಗೀ, ಅದನ್ನ ತುಳೀಬ್ಯಾಡ" ಎಂದಳು ಸತ್ಯವ್ವ.

ಭಾಗ್ಯಾ ಓಡಿ ಬಂದಳು. "ಅತ್ತೀ, ಒಳಗ ನಡೀರಿ" ಎಂದಳು. ಸತ್ಯವ್ವ ಏಳಲಿಲ್ಲ.

"ತಡಿ ಭಾಗ್ಯವ್ವ. ಇವ್ರೂ ಮಕ್ಕಳೊಂದಿಗ್ರು. ಹೇಳದ ಕೊಟ್ರ ನಾಳೆ ಇವ್ರ ಮಕ್ಕಳಿಗೆ ಏನರೆ ಆದ್ರ ಆ ಪಾಪ ನಮಗ." ಮುದುಕಿ ಹೀರಾಳ ಕೈ ಹಿಡಿದಳು. "ಇದರ ಬುಡಕ ನಮ್ಮ ಕರಿಯವ್ವ ಅದಾಳವಾ. ಆಕಿನ್ನ ಎಬ್ಬಸಾಕ ಬರೂದಿಲ್ಲ. ನೀವೇನೂ ಮಾಡೂದ ಬ್ಯಾಡ. ವರ್ಷಕ್ಕೊಮ್ಮಿ ನಾವ ಬರ್ತೀವಿ, ಟಗರ ನಾವ ತರ್ತೀವಿ, ನಾವ ಕಡೀತೀವಿ, ನಾವ ತೊಳದು ಹೋಗ್ತೀವಿ. ನೀವು ಬಾಗಲಾ ತಗದ ಇಟ್ರ ಸಾಕ."

ಹೀರಾ ತನ್ನ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಶಾಂತಿನಾಥನ ಕೈ ಕಿಸೆಯಿಂದ ಬರಿದಾಗಿ ಹೊರಬಂತು.

"ತಗಸ್ತೀವ್ರಿ" ಎಂದಳು ಭಾಗ್ಯಾ. "ಕಲ್ಲ ಅಗಸಿ ತಗಸ್ತೀವಿ. ನಾಳೆನ ತಗಸ್ತೀವ್ರಿ ಅಕ್ಕಾರ."

"ನೀವು ತಗಸಿದ್ರೂ ಇಷ್ಟ ದಿವಸ ಇಲ್ಲೇ ಆಗೇತಲ್ರೀ" ಎಂದಳು ಹೀರಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. "ನಾವು ಇರಿವಿ ಸೈತ ನೋಡಿ ಹೆಜ್ಜಿ ಇಡೋರು. ದಿನಾ ಇದನ್ನ ಹೆಂಗ ದಾಟೂಣು?"

ಶಾಂತಿನಾಥ ಸತ್ಯವ್ವನಿಗೆ ಕೈ ಮುಗಿದ. "ಆಯಿ, ಖರೆ ಹೇಳಿದ್ರಿ. ನಿಮ್ಮ ಉಪಕಾರ ಆತು" ಎಂದ. ತಲೆಬಾಗಿಲಿನಿಂದ ಹೋಗಬೇಕೆಂದರೆ ಆ ಹೊಸ್ತಿಲು ದಾಟಲೇಬೇಕಿತ್ತಲ್ಲ. ಇಬ್ಬರೂ ಹಿತ್ತಲ ಬಾಗಿಲಿನಿಂದ, ಉಣ್ಣೆಯ ಕೊಟ್ಟಿಗೆಯನ್ನು ಹಾಯ್ದು ಹೋದರು.

"ಎಲ್ಲಾ ಬಣ್ಣ ಮಸಿ ನುಂಗಿತು" ಎಂದು ಸಾತಪ್ಪ ಟವೆಲ್ ಕೊಡವಿ ಎದ್ದ. ಅವನ ಬಾಯಿ ಸುಮ್ಮನಿರುವ ಪೈಕಿಯಲ್ಲ. ವಾರದೊಳಗೆ ಕರಿಯವ್ವನ ಸುದ್ದಿ ಪೇಟೆಯ ತುಂಬ ಆಯಿತು. ಟಗರು ತಿನ್ನುವವರೂ ಆ ಮನೆ ಬೇಡವೆಂದರು. ಇನ್ನೊಬ್ಬರ ದೇವಿಯ ಹಸಿವನ್ನು ಯಾರು ಕೊಂಡುಕೊಳ್ಳುತ್ತಾರೆ?

ಭಾಗ್ಯಾ ಸುಮ್ಮನೆ ಕೂರಲಿಲ್ಲ. ಪೂಜಾರಿ ಸಿದರಾಯನ ಹತ್ತಿರ ಹೋಗಿ ಕಲ್ಲು ಎಬ್ಬಿಸಲು ಕೇಳಿದಳು. ಮನೆಯ ಗಂಡಸು ನಿಂತು ಕೇಳಿದರೆ ದಾರಿಯಿದೆ ಎಂದ ಆತ. ಹಾಲೇಶ ಎರಡೂ ಕೆನ್ನೆ ಬಡಿದುಕೊಂಡ.

"ನನಗ ಸಣ್ಣ ಸಣ್ಣ ಹುಡುಗ್ರದಾವ ವೈನಿ. ನಿಮಗೇನ, ಹಿಂದಿಲ್ಲ ಮುಂದಿಲ್ಲ."

ಭಾಗ್ಯಾ ಬಂದ ದಾರಿಯಲ್ಲೇ ಹಿಂದಿರುಗಿದಳು. ಅವಳಿಗೆ ಅಳು ಬಂದದ್ದು ಮನೆಗೆ ಬಂದು ಒಲೆ ಹೊತ್ತಿಸುವಾಗ, ಅದನ್ನು ಹೊಗೆಯ ಲೆಕ್ಕಕ್ಕೆ ಹಾಕಿದಳು.

ದೀಪಾವಳಿ ಬಂತು, ಹೋಯಿತು. ಮುಧೋಳದ ಖೋಲಿಯಲ್ಲಿ ಒಬ್ಬ ಕಟಿಂಗ್ ಅಂಗಡಿಯವನು ಕೂತನೆಂದು ಯಲ್ಲಕ್ಕ ಹೇಳಿಕಳಿಸಿದಳು. ಮಾತಾಡಿ ಬಂದಿದ್ದ ಮಗ್ಗಗಳನ್ನು ಬನಹಟ್ಟಿಯಲ್ಲಿ ಇಡಲು ಜಾಗವಿಲ್ಲದೆ ಹಾಲೇಶ ಇಲ್ಲಿಗೇ ತಂದ. ಪಡಸಾಲೆ, ನಡುಮನೆ ಎರಡಕ್ಕೂ ಮಗ್ಗಗಳು ಬಂದವು. ತಲೆಬಾಗಿಲು ಕೆಲಸದವರು ಓಡಾಡಲು ಹಗಲೆಲ್ಲ ತೆರೆದೇ ಇರಬೇಕಾಯಿತು. ಅತ್ತೆ ಸೊಸೆಗೆ ಅಡಿಗೆ ಮನೆ ಉಳಿಯಿತು. ಮಲಗುವುದೂ ಅಲ್ಲೇ. ಹಗಲು ಭಾಗ್ಯಾ ಅಲ್ಲೇ ಕೂತು ಮಗ್ಗಕ್ಕೆ ಬೇಕಾದ ನೂಲು ಸುತ್ತುತ್ತಿದ್ದಳು. ಮನೆಯ ಹೆಂಗಸಿಗೆ ಕೂಲಿ ಕೊಡುವ ಪದ್ಧತಿ ಹಾಲೇಶನಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ, ಕರೆಂಟು ಹೋಗಿ ಮಗ್ಗಗಳು ನಿಂತಿದ್ದಾಗ, ಸತ್ಯವ್ವ ತಾನೇ ತಟ್ಟೆಗೆ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಪಕ್ಕದಲ್ಲಿ ಕೂತು ಸೊಸೆಯ ತಲೆ ನೇವರಿಸಿದಳು.

"ಸೊರಗೀಯಲ್ಲ ಬೇ. ಉಣ್ಣ. ಕರಿಯವ್ವ ಖರೇನ ದೊಡ್ಡಾಕಿ ನೋಡ. ನೀ ಸುಣ್ಣಾ ಹಚ್ಚಾಕತ್ತಿದ್ದಿ ನೋಡ, ಆವತ್ತ ಬೇಡಕೊಂಡಿದ್ದೆ. ಮಾಳ್ಯಾನ್ನಂತೂ ಕಳಕೊಂಡ್ನಿ, ಇಕಿನ್ನ ಮಾತ್ರ ನನ್ನ ಕೂಡ ಇಡ ತಾಯಿ ಅಂತ. ಇಟ್ಲು."

ಭಾಗ್ಯಾ ಅವಳ ಮುಖ ನೋಡಿದಳು. ಆ ಮುಖದಲ್ಲಿ ಹುಡುಕಿದರೂ ಕಪಟವಿರಲಿಲ್ಲ. ಬರೀ ಅಕ್ಕರೆ ಇತ್ತು, ಕಣ್ಣು ತುಂಬಿದ್ದವು. ಬೈಯಬೇಕೆಂದರೆ ಬೈಯುವುದಕ್ಕೆ ಏನಾದರೂ ಸಿಗಬೇಕಲ್ಲ.

"ಹೌದ್ರಿ ಅತ್ತಿ" ಎಂದು ರೊಟ್ಟಿ ಮುರಿದಳು. ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವು. ಸತ್ಯವ್ವ ಇನ್ನೂ ಏನೋ ಹೇಳುತ್ತಲೇ ಇದ್ದಳು, ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಭಾಗ್ಯಾ ಎಲ್ಲದಕ್ಕೂ ತಲೆಯಾಡಿಸುತ್ತ ಉಂಡಳು.